ಮೋಸ ಹೋದೋನಿಗೆ ದುರಾಸೆ ಅನ್ನಬೇಡಿ

ಪೇಪರಲ್ಲಿ ಕ್ರಿಪ್ಟೋ ಮೋಸದ ಸುದ್ದಿ ಬಂದಾಗೆಲ್ಲ, ಮದ್ದೂರಿನ ಹೋಟೆಲ್ಲಲ್ಲಿ ವಡೆ ತಿಂತಾ ಕೂತೋರಿಂದ ಹಿಡಿದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಕ್ಯಾಂಟೀನಿನವರೆಗೂ ಒಂದೇ ತೀರ್ಪು: "ದುರಾಸೆ ಕಣ್ರೀ, ಅನುಭವಿಸ್ಲಿ ಬಿಡಿ." ಯಾರೋ ಗೊತ್ತಿಲ್ಲದೋರು ವಾಟ್ಸಾಪಲ್ಲಿ ಮೆಸೇಜ್ ಮಾಡಿದ್ರು, ಇವನು ದುಡ್ಡು ಹಾಕ್ದ, ಹೋಯ್ತು. ಕೇಸ್ ಮುಗೀತು. ನನ್ನ ತಕರಾರು ಇರೋದು ಈ ತೀರ್ಪಿನ ಮೇಲೆ. ಇದು ತಪ್ಪು ಮಾತ್ರ ಅಲ್ಲ, ಕಳ್ಳರಿಗೆ ಅನುಕೂಲ ಮಾಡಿಕೊಡೋ ತಪ್ಪು.

ನಮ್ಮ ಮಂಡ್ಯ ಸೀಮೆಯ ಮನೆಗಳಿಗೆ ದೊಡ್ಡ ದುಡ್ಡು ಬರೋದು ಯಾವಾಗ ಹೇಳಿ? ಕಬ್ಬಿನ ಬಿಲ್ ಆದಾಗ, ರಸ್ತೆಗೆ ಹೋದ ಜಮೀನಿನ ಪರಿಹಾರ ಬಂದಾಗ, ಮೇಷ್ಟ್ರು ರಿಟೈರ್ ಆದಾಗ, ಇಲ್ಲಾಂದ್ರೆ ಸೊಸೈಟಿ ಸಾಲ ಸಿಕ್ಕಾಗ. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತೆ. ಬಾಕಿ ದುಡ್ಡಿಗೆ ಕಾರ್ಖಾನೆ ಗೇಟಿನ ಮುಂದೆ ಕೂತೋರಿಗೆ ಆ 14 ದಿನದ ಬೆಲೆ ಗೊತ್ತು. ಹಿಂಗೆ ಕಾದು ಕಾದು ಪಡೆದ ದುಡ್ಡನ್ನ ಮಗಳ ಮದುವೆ ಹೊತ್ತಿಗೆ ಒಂಚೂರು ಬೆಳೆಸಬೇಕು ಅಂತ ಆಸೆಪಡೋದು ದುರಾಸೆ ಹೆಂಗಾಗುತ್ತೆ? ಅದೇ ಆಸೆ ಬೆಂಗಳೂರಲ್ಲಿ ಇದ್ದೋನಿಗೆ ಬಂದರೆ ಅದಕ್ಕೆ 'ಫೈನಾನ್ಶಿಯಲ್ ಪ್ಲಾನಿಂಗ್' ಅಂತೀವಿ, ಆಫೀಸಿಗೇ ತಜ್ಞರನ್ನ ಕರೆಸಿ ಭಾಷಣ ಮಾಡಿಸ್ತೀವಿ. ಮಳವಳ್ಳಿಯ ರೈತನ ಪ್ರಶ್ನೆಗೆ ಸಮಾಧಾನವಾಗಿ ಕೂತು ಉತ್ತರ ಹೇಳೋರು ಯಾರೂ ಇಲ್ಲ. ಹೇಳೋನು ಒಬ್ಬನೇ, ಆ ವಾಟ್ಸಾಪಿನ ಅಪರಿಚಿತ. ಅವನು ದಿನಾ "ಊಟ ಆಯ್ತಾ" ಅಂತಲೂ ಕೇಳ್ತಾನೆ.

ಇದು ನಡೆಯೋ ಕ್ರಮ ನೋಡಿ. ಮೊದಲ ಮೆಸೇಜಲ್ಲಿ ದುಡ್ಡಿನ ಮಾತೇ ಇರಲ್ಲ. ತಪ್ಪು ನಂಬರಿಗೆ ಬಂದಂಗೆ ಒಂದು ಹಲೋ. ಇಲ್ಲಾಂದ್ರೆ ಯೂಟ್ಯೂಬ್ ವಿಡಿಯೋಗೆ ಲೈಕ್ ಒತ್ತಿದ್ರೆ 50 ರೂಪಾಯಿ ಕೊಡೋ ಪಾರ್ಟ್‌ಟೈಮ್ ಕೆಲಸ. ಇಲ್ಲಾಂದ್ರೆ ಕೇಳದೇ ಸೇರಿಸಿದ ಟೆಲಿಗ್ರಾಂ ಗುಂಪು. ಅಲ್ಲಿ ನೂರಾರು ಜನ "ಸಾರ್, ಇವತ್ತೂ ಲಾಭ ಬಂತು" ಅಂತ ಸ್ಕ್ರೀನ್‌ಶಾಟ್ ಹಾಕ್ತಿರ್ತಾರೆ. ಆ ನೂರು ಹೆಸರಿನ ಹಿಂದೆ ನಾಲ್ಕೈದು ಜನ ಕೂತಿರಬಹುದು. ವಾರಗಟ್ಟಲೆ ಸ್ನೇಹ, ಆಮೇಲೆ ಒಂದು ಆ್ಯಪು, ಆಮೇಲೆ ಸಣ್ಣ ಮೊತ್ತ. ಆ ಸಣ್ಣ ಮೊತ್ತಕ್ಕೆ ಲಾಭ ಸೇರಿಸಿ ನಿಜವಾಗಿಯೂ ವಾಪಸ್ ಕೊಡ್ತಾರೆ! ಅಲ್ಲೇ ನಂಬಿಕೆ ಹುಟ್ಟೋದು. ಚೀನೀ ಭಾಷೆಯಲ್ಲಿ ಈ ಮೋಸಕ್ಕೆ ಇರೋ ಹೆಸರಿನ ಅರ್ಥ 'ಹಂದಿ ಕೊಯ್ಯೋದು': ಮೊದಲು ಮೇಯಿಸು, ಆಮೇಲೆ ಕೊಯ್ಯಿ. ನಮ್ಮ ಕಡೆಯೋರಿಗೆ ಬಂಡೂರು ಕುರಿ ಅಂದ್ರೆ ಬೇಗ ಅರ್ಥ ಆಗುತ್ತೆ. ಹಬ್ಬಕ್ಕೆ ಅಂತ ಮೇಯಿಸಿದ ಕುರಿಗೆ "ನಿಂಗೆ ತಿನ್ನೋ ದುರಾಸೆ, ಅದಕ್ಕೇ ಹಿಂಗಾಯ್ತು" ಅಂತ ಯಾರಾದ್ರೂ ಅಂತಾರಾ?

ಈಗ ನನ್ನ ಕಸುಬಿನ ಮಾತು. ಆ ಆ್ಯಪಿನಲ್ಲಿ ನಿಮ್ಮ 1 ಲಕ್ಷ 4 ಲಕ್ಷ ಆಗಿರೋದು ಕಾಣುತ್ತಲ್ಲ, ಅಂಥ ಪರದೆಯನ್ನ ಕೆಲಸ ಬಲ್ಲ ಯಾವ ಹುಡುಗನಾದ್ರೂ ಒಂದು ದಿನದಲ್ಲಿ ಬರೀತಾನೆ. ಗ್ರಾಫ್ ಮೇಲೆ ಹೋಗೋದು, ಹಸಿರು ಬಣ್ಣ ಬರೋದು, ಎಲ್ಲಾ ಚಿತ್ರ. ಹಿಂದೆ ಡೇಟಾಬೇಸಲ್ಲಿ ಒಂದು ಅಂಕಿ ಇರುತ್ತೆ, ಅದನ್ನ ಅವರು ತಿದ್ದುತ್ತಾರೆ. ಅಲ್ಲಿ ಬಿಟ್‌ಕಾಯಿನ್ ಕೊಂಡಿಲ್ಲ, ಮಾರಿಲ್ಲ. ನೀವು ಯುಪಿಐಲಿ ಹಾಕಿದ ದುಡ್ಡು ಯಾರದ್ದೋ ಉಳಿತಾಯ ಖಾತೆಗೆ ಹೋಗಿ, ಅಲ್ಲಿಂದ ಹತ್ತಾರು ಖಾತೆಗೆ ಚೂರುಚೂರಾಗಿ ಹಂಚಿ, ಕೊನೆಗೆ ಡಾಲರ್ ಬೆಲೆಗೆ ಕಟ್ಟಿರೋ ಟೆದರ್ ಅನ್ನೋ ಕಾಯಿನ್ ಆಗಿ ನಿಮಿಷಗಳಲ್ಲಿ ದೇಶ ದಾಟುತ್ತೆ. ಕ್ರಿಪ್ಟೋ ಇಲ್ಲಿ ನಿಮ್ಮ ಹೂಡಿಕೆ ಅಲ್ಲವೇ ಅಲ್ಲ, ಕಳ್ಳ ಓಡಿಹೋಗೋ ಗಾಡಿ.

ಆ 'ಯಾರದ್ದೋ ಖಾತೆ' ಇದೆಯಲ್ಲ, ನಾವು ಬೈಬೇಕಾಗಿರೋದು ಅಲ್ಲಿ. ತಿಂಗಳಿಗೆ ಇಷ್ಟು ಕಮಿಷನ್ ಅಂತ ತನ್ನ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಬಾಡಿಗೆಗೆ ಕೊಡೋ ಹುಡುಗರು ದೇಶದ ತುಂಬಾ ಇದ್ದಾರೆ. ನಮ್ಮ ಕಡೆ ಇಲ್ಲ ಅಂದ್ಕೊಳ್ಳೋದು ಬೇಡ. "ನಾನೇನ್ ಮಾಡ್ದೆ, ಅಕೌಂಟ್ ಕೊಟ್ಟೆ ಅಷ್ಟೇ" ಅಂತಾರೆ. ಖಾತೆ ಇಲ್ಲದೇ ಈ ದಂಧೆ ಒಂದು ದಿನವೂ ನಡೆಯಲ್ಲ. ಪೊಲೀಸರು ಮೊದಲು ಬಂದು ಬಾಗಿಲು ತಟ್ಟೋದೂ ಖಾತೆಯಲ್ಲಿ ಹೆಸರಿರೋನ ಮನೆಯದ್ದೇ. ದುರಾಸೆ ಅನ್ನೋ ಪದವನ್ನ ಬಳಸಲೇಬೇಕು ಅಂದ್ರೆ ಇವರಿಗೆ ಬಳಸಿ.

"ಓದ್ದೋರು ಇದಕ್ಕೆ ಬೀಳಲ್ಲ" ಅನ್ನೋರಿಗೆ ಅಮೆರಿಕದ ಒಂದು ಕಥೆ. ಕ್ಯಾನ್ಸಸ್ ರಾಜ್ಯದಲ್ಲಿ ಎಲ್ಕ್‌ಹಾರ್ಟ್ ಅಂತ ರೈತಾಪಿ ಊರು. ಅಲ್ಲಿನ ಹಾರ್ಟ್‌ಲ್ಯಾಂಡ್ ಟ್ರೈ-ಸ್ಟೇಟ್ ಬ್ಯಾಂಕ್ ರೈತರಿಗೆ ಸಾಲ ಕೊಡ್ತಿದ್ದ ಬ್ಯಾಂಕು. ಅದರ ಮುಖ್ಯಸ್ಥ ಶಾನ್ ಹೇನ್ಸ್ ಇದೇ ಥರದ ಕ್ರಿಪ್ಟೋ ಬಲೆಗೆ ಬಿದ್ದ. ಸ್ವಂತ ದುಡ್ಡು ಹೋಯ್ತು, ಆಮೇಲೆ ಚರ್ಚಿನ ದುಡ್ಡಿಗೆ ಕೈ ಹಾಕ್ದ, ಕೊನೆಗೆ 2023ರಲ್ಲಿ ಬ್ಯಾಂಕಿನದೇ 4.7 ಕೋಟಿ ಡಾಲರ್ ಕಳಿಸಿಬಿಟ್ಟ. ಅದೇ ಜುಲೈನಲ್ಲಿ ಬ್ಯಾಂಕು ಮುಳುಗಿತು. 2024ರಲ್ಲಿ ಅವನಿಗೆ 24 ವರ್ಷಕ್ಕೂ ಹೆಚ್ಚು ಜೈಲು ಶಿಕ್ಷೆ ಆಯ್ತು. ಅವನು ಮಾಡಿದ್ದು ಅಪರಾಧವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ದುಡ್ಡಿನ ವ್ಯವಹಾರವನ್ನೇ ಕಸುಬು ಮಾಡ್ಕೊಂಡಿದ್ದ ಬ್ಯಾಂಕಿನ ಮುಖ್ಯಸ್ಥನನ್ನೇ ಹಿಂಗೆ ಆಡಿಸಿದೋರ ಮುಂದೆ, ಪಿಯುಸಿ ಓದಿದ ನಮ್ಮ ಚಿಕ್ಕಪ್ಪ ಗೆಲ್ಲಬೇಕಿತ್ತು ಅಂತ ನಾವು ನಿರೀಕ್ಷೆ ಮಾಡೋದು ಯಾವ ನ್ಯಾಯ?

ಇನ್ನು ಮೆಸೇಜ್ ಕಳಿಸೋನು ಯಾರು? ಅಲ್ಲಿ ನಮ್ಮಂಥ ಎಂಜಿನಿಯರುಗಳೂ ಇದ್ದಾರೆ. 2022ರ ಸೆಪ್ಟೆಂಬರಲ್ಲಿ ನಮ್ಮ ವಿದೇಶಾಂಗ ಸಚಿವಾಲಯವೇ ಎಚ್ಚರಿಕೆ ಕೊಟ್ಟಿತ್ತು: ಥಾಯ್ಲೆಂಡಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸ ಅಂತ ಐಟಿ ಓದಿದ ಹುಡುಗರನ್ನ ಕರ್ಕೊಂಡು ಹೋಗಿ, ಗಡಿ ದಾಟಿಸಿ ಮ್ಯಾನ್ಮಾರಲ್ಲಿ ಕೂಡಿ ಹಾಕ್ತಿದ್ದಾರೆ ಅಂತ. ಮ್ಯಾನ್ಮಾರಲ್ಲಿ ಕಡಿಮೆ ಅಂದ್ರೂ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನರನ್ನ ಹಿಂಗೆ ಬಲವಂತವಾಗಿ ಆನ್‌ಲೈನ್ ಮೋಸದ ಕೆಲಸಕ್ಕೆ ಇಟ್ಟುಕೊಂಡಿರಬಹುದು ಅಂತ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ಅಂದಾಜು ಮಾಡಿತ್ತು. 2025ರ ಮಾರ್ಚಲ್ಲಿ ವಾಯುಪಡೆಯ ವಿಮಾನದಲ್ಲಿ 500ಕ್ಕೂ ಹೆಚ್ಚು ಭಾರತೀಯರನ್ನ ವಾಪಸ್ ಕರ್ಕೊಂಡು ಬಂದ್ರು. ಅಂದ್ರೆ "ಹಲೋ ಡಿಯರ್" ಅಂತ ಟೈಪ್ ಮಾಡ್ತಿರೋನು ಕೆಲಸ ಹುಡುಕ್ಕೊಂಡು ಹೋಗಿ ಸಿಕ್ಕಿಬಿದ್ದ ಬಿಇ ಹುಡುಗನೂ ಆಗಿರಬಹುದು. ಬಂಗಲೆಯಲ್ಲಿ ಕೂತ ಯಜಮಾನ ಇಬ್ಬರನ್ನೂ ತಿಂತಾನೆ, ನಾವು ಇಲ್ಲಿ ಕೂತು ಬಿದ್ದೋನನ್ನ ನೋಡಿ ನಗ್ತೀವಿ.

"ಹಂಗಾದ್ರೆ ಕ್ರಿಪ್ಟೋ ಎಲ್ಲಾ ಮೋಸಾನಾ?" ಅಂತ ಕೇಳಬಹುದು. ಇಲ್ಲ. ಬ್ಯಾಂಕುಗಳು ಕ್ರಿಪ್ಟೋ ವ್ಯವಹಾರಕ್ಕೆ ಸೇವೆ ಕೊಡಬಾರದು ಅಂತ ರಿಸರ್ವ್ ಬ್ಯಾಂಕ್ 2018ರಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನ ಸುಪ್ರೀಂ ಕೋರ್ಟ್ 2020ರ ಮಾರ್ಚಲ್ಲಿ ರದ್ದು ಮಾಡ್ತು. 2022ರಿಂದ ಲಾಭಕ್ಕೆ ಶೇ. 30 ತೆರಿಗೆ ಇದೆ, 2023ರಿಂದ ವಿನಿಮಯ ಕೇಂದ್ರಗಳು ಸರ್ಕಾರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿ ಮಾಡಿಸಬೇಕು. ಹಂಗಂತ ನೋಂದಣಿ ಆದದ್ದೆಲ್ಲ ಭದ್ರ ಅಂತಲೂ ಅಲ್ಲ. 2024ರ ಜುಲೈನಲ್ಲಿ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಕಾಯಿನ್ ಕಳವಾಯ್ತು. ಅದಕ್ಕೂ ಮುಂಚೆ 'ಗೇನ್‌ಬಿಟ್‌ಕಾಯಿನ್' ಅಂತ ಒಂದು ಸ್ಕೀಮು, ತಿಂಗಳಿಗೆ ಶೇ. 10ರಂತೆ 18 ತಿಂಗಳು ಕೊಡ್ತೀವಿ ಅಂತ 2015ರಿಂದ ದೇಶವೆಲ್ಲ ದುಡ್ಡು ಎತ್ತಿ, ಕೊನೆಗೆ ತಾವೇ ಹುಟ್ಟಿಸಿದ ಬೆಲೆಯಿಲ್ಲದ ಕಾಯಿನ್ ಕೈಗಿಟ್ಟರು. ಹುಷಾರಾಗಿರಬೇಕಾದ ಜಾಗವೇ ಇದು. ನಾನು ಹೇಳ್ತಿರೋದು ಇಷ್ಟೇ: ಹುಷಾರಾಗಿರೋದು ಹೆಂಗೆ ಅಂತ ಹೇಳಿಕೊಡಬೇಕಾದ ಜಾಗದಲ್ಲಿ ನಾವು ನೀತಿಪಾಠ ಹೇಳ್ತಿದ್ದೀವಿ.

"ಆಸೆ ಪಡಬೇಡಿ" ಅಂದ್ರೆ ಯಾರೂ ಕೇಳಲ್ಲ. ಅದರ ಬದಲು ಹೇಳಬೇಕಾದ್ದು ಇವು. ನೀವು ಹುಡುಕ್ಕೊಂಡು ಹೋಗದೇ ತಾನಾಗೇ ಬಂದ ಹೂಡಿಕೆಯ ಮಾತನ್ನ ಅಲ್ಲೇ ಬ್ಲಾಕ್ ಮಾಡಿ. ಉತ್ತರ ಕೊಡದೇ ಇರೋದು ಅಹಂಕಾರ ಅಲ್ಲ. ದಿನಕ್ಕೆ ಶೇ. 1 ಲಾಭ ಅಂದ್ರೆ ಕ್ಯಾಲ್ಕುಲೇಟರ್ ತಗೊಳ್ಳಿ. ಚಕ್ರಬಡ್ಡಿ ಲೆಕ್ಕದಲ್ಲಿ ಒಂದು ವರ್ಷಕ್ಕೆ 1 ಲಕ್ಷ ಸುಮಾರು 37 ಲಕ್ಷ ದಾಟುತ್ತೆ. ಅಂಥ ದಾರಿ ಗೊತ್ತಿದ್ದೋನು ಬ್ಯಾಂಕಲ್ಲಿ ಸಾಲ ಎತ್ತಿ ತಾನೇ ಹಾಕ್ಕೋತಿದ್ದ, ನಿಮ್ಮ ದುಡ್ಡು ಅವನಿಗೆ ಯಾಕೆ? ಲಿಂಕ್ ಕಳಿಸಿ ಆ್ಯಪ್ ಹಾಕ್ಕೊಳ್ಳಿ ಅಂದ್ರೆ, ಪ್ರತಿ ಸಲ ಬೇರೆ ಬೇರೆ ಹೆಸರಿನ ಖಾತೆಗೆ ದುಡ್ಡು ಹಾಕಿ ಅಂದ್ರೆ, ಮನೆಯೋರಿಗೆ ಹೇಳಬೇಡಿ ಅಂದ್ರೆ, ಅಲ್ಲಿಗೆ ನಿಲ್ಲಿಸಿ.

ಎಲ್ಲಕ್ಕಿಂತ ಖಚಿತವಾದ ಗುರುತು ಇನ್ನೊಂದಿದೆ. ದುಡ್ಡು ವಾಪಸ್ ಕೇಳಿದಾಗ "ಮೊದಲು ಶೇ. 30 ತೆರಿಗೆ ಕಟ್ಟಿ, ಆಮೇಲೆ ಬಿಡುಗಡೆ" ಅಂತಾರೆ. ತೆರಿಗೆ ಕಟ್ಟೋದು ಆದಾಯ ತೆರಿಗೆ ಇಲಾಖೆಗೆ, ನಿಮ್ಮ ಪ್ಯಾನ್ ನಂಬರ್ ಮೇಲೆ. ಮಾರುವಾಗ ಹಿಡಿಯೋ ಶೇ. 1 ಟಿಡಿಎಸ್ಸನ್ನೂ ನಿಮಗೆ ಬರೋ ದುಡ್ಡಲ್ಲೇ ಮುರ್ಕೋತಾರೆ. ಇರೋ ದುಡ್ಡು ಕೊಡೋಕೆ ಹೊಸ ದುಡ್ಡು ಕೇಳಿದ್ರು ಅಂದ್ರೆ ಅಲ್ಲಿ ನಿಮ್ಮ ದುಡ್ಡು ಇಲ್ಲ ಅಂತಲೇ ಅರ್ಥ. ತುಂಬಾ ಜನ ಸಾಲ ಮಾಡೋದು, ಒಡವೆ ಅಡ ಇಡೋದು ಇದೇ ಕೊನೇ ಕಂತಿಗೆ.

ದುಡ್ಡು ಹೋಯ್ತು ಅಂತ ಗೊತ್ತಾದ ತಕ್ಷಣ 1930ಕ್ಕೆ ಫೋನ್ ಮಾಡಬೇಕು, ವಹಿವಾಟಿನ ನಂಬರ್ ಕೊಡಬೇಕು, ಜಿಲ್ಲೆಯ ಸೆನ್ ಠಾಣೆಗೆ ಹೋಗಬೇಕು. ದುಡ್ಡು ಇನ್ನೂ ನಮ್ಮ ದೇಶದ ಖಾತೆಗಳಲ್ಲೇ ಸುತ್ತುತಾ ಇದ್ರೆ ಬ್ಯಾಂಕುಗಳು ಅದನ್ನ ತಡೆಹಿಡಿಯೋಕೆ ಆಗುತ್ತೆ. ಕಾಯಿನ್ ಆಗಿ ಹೊರಗೆ ಹೋದಮೇಲೆ ಕಷ್ಟ. ಇಲ್ಲಿ ಲೆಕ್ಕ ಗಂಟೆಗಳದ್ದು. "ಹೋದ ದುಡ್ಡು ವಾಪಸ್ ತರಿಸ್ತೀನಿ, ಫೀಸ್ ಕೊಡಿ" ಅಂತ ಆಮೇಲೆ ಬರೋನು ಅದೇ ಬಲೆಯ ಎರಡನೇ ಗಂಟು, ಅವನನ್ನೂ ಬ್ಲಾಕ್ ಮಾಡಿ.

ಈ ಗಂಟೆಗಳನ್ನ ತಿನ್ನೋದು ಯಾವುದು ಗೊತ್ತಾ? ನಾಚಿಕೆ. ಹೆಂಡ್ತಿಗೆ ಹೇಳಿದ್ರೆ ಏನಂತಾಳೋ, ಮಗ ನಗ್ತಾನೋ, ಊರಲ್ಲಿ ಗೊತ್ತಾದ್ರೆ ಮರ್ಯಾದೆ ಏನಾಗುತ್ತೋ ಅಂತ ವಾರಗಟ್ಟಲೆ ಬಾಯಿ ಮುಚ್ಕೊಂಡು ಕೂತಿರ್ತಾರೆ. ಆ ನಾಚಿಕೆಯನ್ನ ಹುಟ್ಟಿಸಿದ್ದು ಮ್ಯಾನ್ಮಾರಿನ ಕಳ್ಳ ಅಲ್ಲ ಸ್ವಾಮಿ, "ದುರಾಸೆ ಕಣ್ರೀ" ಅಂದ ನಾವು. ನಮ್ಮ ಒಂದು ಮಾತಿಂದ ಕಳ್ಳನಿಗೆ ದುಡ್ಡು ದಾಟಿಸೋಕೆ ಬೇಕಾದಷ್ಟು ಟೈಮ್ ಸಿಗುತ್ತೆ.

ಹಂಗಾಗಿ ನನ್ನ ಬೇಡಿಕೆ ದೊಡ್ಡದೇನಿಲ್ಲ. ಸೊಸೈಟಿ ಕಿಟಕಿ ಮೇಲೆ, ಡೇರಿ ಗೋಡೆ ಮೇಲೆ, ಮದ್ದೂರಿನ ಎಳನೀರು ಮಾರ್ಕೆಟ್ಟಿನ ಕಂಬಗಳ ಮೇಲೆ 1930 ಅಂತ ದಪ್ಪಕ್ಷರದಲ್ಲಿ ಬರೆಸಿ. ಕಬ್ಬಿನ ಬಿಲ್ ಖಾತೆಗೆ ಬೀಳೋ ವಾರ ಬ್ಯಾಂಕಿನೋರು ಕನ್ನಡದಲ್ಲಿ ಒಂದು ಎಚ್ಚರಿಕೆ ಕಳಿಸಲಿ. ಮಂಡ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಖಾತೆ ಬಾಡಿಗೆಗೆ ಕೊಡೋದರ ಬಗ್ಗೆ, ಥಾಯ್ಲೆಂಡಿನ ನಕಲಿ ಕೆಲಸದ ಬಗ್ಗೆ ಒಂದು ಪೀರಿಯಡ್ ಮಾತಾಡಲಿ. ಹಬ್ಬಕ್ಕೆ ಊರಿಗೆ ಹೋಗೋ ನಮ್ಮಂಥ ಟೆಕ್ಕಿಗಳು ಅಪ್ಪ ಅಮ್ಮನ ಮೊಬೈಲ್ ತಗೊಂಡು ಟೆಲಿಗ್ರಾಂ ಗುಂಪುಗಳನ್ನ ಒಂದ್ಸಲ ನೋಡಲಿ, ನೋಡುವಾಗ ದಬಾಯಿಸದೇ ಇರಲಿ.

ಮನೆಯಲ್ಲಿ ಯಾರಾದ್ರೂ ಮುಖ ಸಣ್ಣ ಮಾಡ್ಕೊಂಡು "ಒಂದು ವಿಷಯ ಹೇಳ್ಬೇಕಿತ್ತು" ಅಂತ ಬಂದ್ರೆ, ಮೊದಲು ಫೋನ್ ತಗೊಂಡು 1930 ಒತ್ತಿ. ಬೈಯ್ಯೋದಿದ್ರೆ ನಾಳೆ ಬೈಯ್ಯಬಹುದು.