ಊರಿಗೆ ಒಗ್ಗಿದ ಕಾಡುಜೀವಿಗಳು: ಕಾಳು ಹಾಕುವ ಮುನ್ನ ಒಂದು ಲೆಕ್ಕ

ರೋಣ, ನರಗುಂದ, ಗಜೇಂದ್ರಗಡ. ಗದಗ ಜಿಲ್ಲೆಯ ಈ ಮೂರು ಊರುಗಳ ಸುತ್ತ ದಟ್ಟ ಕಾಡು ಎಂಬುದಿಲ್ಲ. ರೋಣ, ನರಗುಂದದ ಕಡೆ ಕಣ್ಣು ಹಾಯಿಸಿದಷ್ಟು ದೂರ ಎರೆಹೊಲ. ನರಗುಂದಕ್ಕೆ ಕೋಟೆಗುಡ್ಡ ಒಂದು ಆಸರೆ. ಗಜೇಂದ್ರಗಡಕ್ಕೆ ಗುಡ್ಡಗಳ ಸಾಲು, ಅದರ ಮೇಲೆ ಗಾಳಿಯಂತ್ರಗಳು. ಆದರೂ ಮಾಳಿಗೆಯ ಮೇಲೆ ಮಂಗ, ಮಂದಿರದ ಗೋಪುರದಲ್ಲಿ ಪಾರಿವಾಳ, ಗೋದಾಮಿನ ಮೂಲೆಯಲ್ಲಿ ಕೇರೆಹಾವು, ಊರಂಚಿನ ಹೊಲದಲ್ಲಿ ನವಿಲು ಕಂಡರೆ ಈಗ ಯಾರಿಗೂ ಅಚ್ಚರಿಯಿಲ್ಲ.

ಇವು ದಾರಿ ತಪ್ಪಿ ಬಂದ ಜೀವಿಗಳಲ್ಲ. ಊರಿನ ಬದುಕನ್ನು ಕಲಿತುಕೊಂಡ ಜೀವಿಗಳು. ಆ ಕಲಿಕೆಯಲ್ಲಿ ಮನುಷ್ಯರು ಹಾಕುವ ಕಾಳು, ಚೆಲ್ಲುವ ಅನ್ನ, ಬಿಸಾಡುವ ಕಸ ಇವುಗಳದ್ದೇ ದೊಡ್ಡ ಪಾಲು. ಪ್ರಾಣಿ, ಪಕ್ಷಿಗಳಿಗೆ ಆಹಾರ ನೀಡುವುದನ್ನು ಜೀವದಯೆಯ ಭಾಗವೆಂದು ನಡೆಸಿಕೊಂಡು ಬಂದ ಜೈನ ಕುಟುಂಬಗಳು ಈ ವಿಷಯವನ್ನು ಸ್ವಲ್ಪ ಆಳವಾಗಿ ಯೋಚಿಸಬೇಕಾದ ಕಾಲ ಬಂದಿದೆ.

ಊರು ಎಲ್ಲ ಜೀವಿಗಳಿಗೂ ಒಲಿಯುವುದಿಲ್ಲ

ಭಾರತದ ಪಕ್ಷಿಗಳ ಸ್ಥಿತಿಗತಿ ಕುರಿತ 2023ರ ವರದಿಯು 942 ಪ್ರಭೇದಗಳನ್ನು ಪರಿಶೀಲಿಸಿತು. ಅವುಗಳಲ್ಲಿ 178 ಪ್ರಭೇದಗಳಿಗೆ ತುರ್ತು ಗಮನ ಬೇಕೆಂದು ಹೇಳಿತು. ಅದೇ ವರದಿಯಲ್ಲಿ ಪಾರಿವಾಳ, ಕೋಗಿಲೆ, ನವಿಲುಗಳ ಸಂಖ್ಯೆ ಏರುತ್ತಿದೆ ಎಂದೂ ಇದೆ. ಸಿಕ್ಕಿದ್ದನ್ನು ತಿಂದು, ಸಿಕ್ಕಲ್ಲಿ ನೆಲೆ ಮಾಡಿಕೊಳ್ಳಬಲ್ಲ ಜೀವಿಗಳು ಗೆಲ್ಲುತ್ತಿವೆ. ಬಯಲು ಹುಲ್ಲುಗಾವಲನ್ನೇ ನಂಬಿದ ಎರೆಭೂತ ಹಕ್ಕಿಯಂಥವು ಸೋಲುತ್ತಿವೆ. ರಾಜ್ಯದಲ್ಲಿ ಆ ಹಕ್ಕಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿದೆ. ಅಂದರೆ ಊರಿನಲ್ಲಿ ಹಾಕುವ ಕಾಳು ಮೊದಲೇ ಗೆದ್ದವರ ಪಾಲಾಗುತ್ತದೆ. ನಿಜವಾಗಿ ಕಷ್ಟದಲ್ಲಿರುವ ಜೀವಿಗೆ ಅದು ತಲುಪುವುದೇ ಇಲ್ಲ.

ಪಾರಿವಾಳಕ್ಕೆ ಕಟ್ಟಡವೇ ಬಂಡೆ

ಪಾರಿವಾಳ ಮೂಲತಃ ಬಂಡೆಯ ಸಂದುಗಳಲ್ಲಿ ಗೂಡು ಕಟ್ಟುವ ಹಕ್ಕಿ. ಬಹುಮಹಡಿ ಕಟ್ಟಡ, ಕಿಟಕಿಯ ಸಜ್ಜೆ, ಮಂದಿರದ ಶಿಖರ ಇವೆಲ್ಲ ಅದರ ಕಣ್ಣಿಗೆ ಬಂಡೆಗಳೇ. ಮರಿಗೆ ಹುಳು ಹುಡುಕಿ ತರುವ ಕಷ್ಟವೂ ಅದಕ್ಕಿಲ್ಲ. ತಂದೆ, ತಾಯಿ ಎರಡೂ ತಮ್ಮ ಗಂಟಲ ಚೀಲದಲ್ಲಿ ಹಾಲಿನಂಥ ಆಹಾರ ತಯಾರಿಸಿ ಮರಿಗೆ ಉಣಿಸುತ್ತವೆ. ಹೀಗಾಗಿ ಕಾಳು ಸಿಗುತ್ತಿದ್ದರೆ ಸಾಕು, ವರ್ಷದಲ್ಲಿ ಹಲವು ಬಾರಿ, ಪ್ರತಿಬಾರಿ ಎರಡು ಮೊಟ್ಟೆ ಇಟ್ಟು ಸಂತಾನ ಬೆಳೆಸುತ್ತದೆ. ಚೀಲಗಟ್ಟಲೆ ಕಾಳು ಸುರಿದ ಕಡೆ ಹಿಂಡು ದ್ವಿಗುಣವಾಗುವುದು ಪವಾಡವಲ್ಲ, ಸರಳ ಲೆಕ್ಕ.

ಇದರ ಪರಿಣಾಮವನ್ನು ಮುಂಬೈ ಕಂಡಿದೆ. 2025ರ ಜುಲೈನಲ್ಲಿ ಮಹಾರಾಷ್ಟ್ರ ಸರ್ಕಾರ ಅಲ್ಲಿನ 51 ಕಬೂತರ್‌ಖಾನೆಗಳನ್ನು ಮುಚ್ಚಿಸಲು ಹೊರಟಿತು. ಪಾರಿವಾಳದ ಒಣ ಹಿಕ್ಕೆಯ ಪುಡಿ ಉಸಿರಿನೊಂದಿಗೆ ಒಳಹೋದರೆ ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು ಎಂಬುದು ಮುಖ್ಯ ಕಾರಣ. ದಾದರ್‌ನ ಕಬೂತರ್‌ಖಾನೆಗೆ ತಾಡಪತ್ರಿ ಹೊದಿಸಿದಾಗ, ಆಗಸ್ಟ್ 6ರಂದು ಪ್ರತಿಭಟನೆಗೆ ಬಂದವರು ಅದನ್ನು ಕಿತ್ತೆಸೆದರು. ಅವರಲ್ಲಿ ಜೈನ ಸಮಾಜದವರೂ ಇದ್ದರು. ಬಾಂಬೆ ಹೈಕೋರ್ಟ್ ಆದೇಶದಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲಿಲ್ಲ.

ಎರಡೂ ಕಡೆಯ ಮಾತಿನಲ್ಲಿ ತೂಕವಿದೆ. ಉಬ್ಬಸದಿಂದ ನರಳುವ ನೆರೆಯವರೂ ಪಂಚೇಂದ್ರಿಯ ಜೀವಿಗಳೇ. ಅವರ ಉಸಿರಿಗೆ ಕುತ್ತು ತರುವ ದಾನವನ್ನು ಪೂರ್ಣ ದಾನ ಎನ್ನಲಾಗದು. ಇನ್ನೊಂದೆಡೆ, ತಲೆಮಾರುಗಳಿಂದ ಒಂದೇ ಕಟ್ಟೆಯ ಕಾಳನ್ನು ನಂಬಿದ ಹಕ್ಕಿಗಳಿಗೆ ಒಂದೇ ರಾತ್ರಿಯಲ್ಲಿ ತಾಡಪತ್ರಿ ಎಳೆದರೆ ಅವು ಎಲ್ಲಿಗೆ ಹೋಗಬೇಕು? ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. ಆಶ್ರಿತ ಜೀವಿಯ ಅನ್ನ, ನೀರು ತಡೆಯುವುದು ದೋಷ. ಆದರೆ ಈ ಮಾತಿನ ಇನ್ನೊಂದು ಮುಖವನ್ನೂ ನೋಡಬೇಕು. ಸ್ವತಂತ್ರವಾಗಿ ಬದುಕಬಲ್ಲ ಜೀವಿಯನ್ನು ಆಶ್ರಿತನನ್ನಾಗಿ ಮಾಡಿದ್ದು ಯಾರು?

ಕೈ ಚಾಚುವ ಮಂಗ

ಈ ಪ್ರಶ್ನೆ ಮಂಗಗಳ ವಿಷಯದಲ್ಲಿ ಇನ್ನಷ್ಟು ತೀಕ್ಷ್ಣ. ಬಂಡೀಪುರದ ಮಂಗಗಳ ಕುರಿತು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಸಹೋದ್ಯೋಗಿಗಳು ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅಲ್ಲಿನ ಕೆಲವು ಮಂಗಗಳು ಮನುಷ್ಯರ ಮುಖ ನೋಡಿ, ಮೆಲುದನಿಯಲ್ಲಿ ಕೂಗಿ, ಕೈ ಚಾಚಿ ಆಹಾರ ಕೇಳುವುದನ್ನು ಕಲಿತಿವೆ ಎಂಬುದನ್ನು ಅದು ದಾಖಲಿಸಿತು. ಮನುಷ್ಯನ ಗಮನ ತನ್ನ ಕಡೆ ಇದೆಯೇ ಎಂದು ನೋಡಿ ಬೇಡುವಷ್ಟು ಜಾಣತನ ಅವಕ್ಕಿದೆ.

ಬೇಡಿದಾಗ ಕೊಟ್ಟರೆ ಇನ್ನೊಮ್ಮೆ ಬೇಡುತ್ತದೆ. ಕೊಡದಿದ್ದಾಗ ಕಸಿದುಕೊಳ್ಳುತ್ತದೆ. ಕಸಿದ ಮಂಗ ‘ಹಾವಳಿ’ಯಾಗುತ್ತದೆ, ದೂರು ಹೋಗುತ್ತದೆ, ಬೋನು ಬರುತ್ತದೆ. ಬೋನಿಗೆ ಬಿದ್ದ ಮಂಗಗಳ ಗತಿ ಏನಾಗಬಹುದು ಎಂಬುದಕ್ಕೆ ಹಾಸನ ಜಿಲ್ಲೆಯ ಚೌಡನಹಳ್ಳಿ ಸಾಕ್ಷಿ. 2021ರ ಜುಲೈ ಕೊನೆಯಲ್ಲಿ ಅಲ್ಲಿನ ರಸ್ತೆಬದಿ ಬಿದ್ದಿದ್ದ ಗೋಣಿಚೀಲಗಳಲ್ಲಿ 38 ಮಂಗಗಳ ಶವ ಸಿಕ್ಕವು. ರಾಜ್ಯ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಮಂದಿರದ ಮೆಟ್ಟಿಲ ಮೇಲೆ ಬಾಳೆಹಣ್ಣು ಕೊಟ್ಟವರಿಗೆ ಆ ಚೀಲ ಕಾಣುವುದಿಲ್ಲ. ಆದರೆ ಮೆಟ್ಟಿಲಿಗೂ ಚೀಲಕ್ಕೂ ನಡುವೆ ಇರುವ ದಾರಿ ಬಹಳ ದೂರದ್ದಲ್ಲ.

ಇಷ್ಟೆಲ್ಲ ಹಾವಳಿ ಮಾಡುತ್ತವೆ ಎನ್ನುವ ಈ ಮಂಗಗಳ ಸಂಖ್ಯೆ ಒಟ್ಟಾರೆಯಾಗಿ ಕುಸಿಯುತ್ತಿದೆ ಎಂಬುದು ಹಲವರಿಗೆ ಗೊತ್ತಿಲ್ಲ. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಸಹೋದ್ಯೋಗಿಗಳು ದೀರ್ಘಕಾಲ ನಡೆಸಿದ ಎಣಿಕೆಯಲ್ಲಿ ಮೈಸೂರಿನ ಸುತ್ತಲಿನ ರಸ್ತೆಬದಿಯ ಮಂಗಗಳು ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗಿದ್ದವು. ರಸ್ತೆ ಅಗಲೀಕರಣಕ್ಕೆ ಆಲದ ಸಾಲುಮರಗಳು ಹೋದದ್ದು ಒಂದು ಮುಖ್ಯ ಕಾರಣ. ಮರದ ಹಣ್ಣು ಹೋಯಿತು, ತಟ್ಟೆಯ ಅನ್ನ ಉಳಿಯಿತು. ರಸ್ತೆಯಿಂದ ಮಾಳಿಗೆಗೆ ಮಂಗ ಬಂದದ್ದು ಹೀಗೆ.

ಹಿಡಿದು ಬೇರೆಡೆ ಬಿಟ್ಟರೆ ತೀರುವುದಿಲ್ಲ

‘ಹಿಡಿದು ಕಾಡಿಗೆ ಬಿಡಿ’ ಎಂಬುದು ಸುಲಭದ ಮಾತು. ಮಹಾರಾಷ್ಟ್ರದ ಜುನ್ನರ್ ಭಾಗದಲ್ಲಿ ಚಿರತೆಗಳನ್ನು ಹಿಡಿದು ಬೇರೆಡೆ ಬಿಟ್ಟ ನಂತರ ಮನುಷ್ಯರ ಮೇಲಿನ ದಾಳಿ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ ಎಂದು ಸಂಶೋಧಕಿ ವಿದ್ಯಾ ಆತ್ರೇಯ ತೋರಿಸಿಕೊಟ್ಟರು. ಕಬ್ಬಿನ ಗದ್ದೆಗಳ ನಡುವೆ ಬದುಕುವ ಚಿರತೆಗಳ ಮುಖ್ಯ ಆಹಾರ ಊರನಾಯಿ ಎಂಬುದನ್ನೂ ಅವರ ತಂಡ ಕಂಡುಕೊಂಡಿತು. ನಾಯಿ ಹೆಚ್ಚಲು ಕಾರಣ ಕಸ. ಕಸ, ನಾಯಿ, ಚಿರತೆ ಒಂದೇ ಸರಪಳಿಯ ಕೊಂಡಿಗಳು.

ಬೆಳಗಾವಿಯ ಘಟನೆ ಈ ಭಾಗದವರಿಗೆ ನೆನಪಿದೆ. 2022ರ ಆಗಸ್ಟ್ ಆರಂಭದಲ್ಲಿ ಕಾಣಿಸಿಕೊಂಡ ಚಿರತೆ ನಗರದ ಗಾಲ್ಫ್ ಮೈದಾನದ ಪೊದೆಗಳಲ್ಲಿ ಅಡಗಿ ವಾರಗಟ್ಟಲೆ ಜನರನ್ನು ಕಾಡಿತು. ಸುತ್ತಲಿನ 22 ಶಾಲೆಗಳಿಗೆ ರಜೆ ಕೊಡಬೇಕಾಯಿತು. ಸಕ್ರೆಬೈಲಿನಿಂದ ಆನೆಗಳನ್ನು ತಂದು ಹುಡುಕಿದರೂ ಅದು ಸೆರೆ ಸಿಗಲಿಲ್ಲ. ಹಗಲು ಮಲಗಿ, ರಾತ್ರಿ ಓಡಾಡಿ, ಸದ್ದಿಲ್ಲದೆ ಇರುವುದು ಊರಂಚಿನ ಚಿರತೆ ಕಲಿತ ಪಾಠ. ಕಾಡುಜೀವಿಯ ಕಲಿಕೆ ಮನುಷ್ಯನ ಬೋನಿಗಿಂತ ವೇಗವಾಗಿ ಸಾಗುತ್ತದೆ.

ಹಿರಿಯರ ಪ್ರಶ್ನೆಗೆ ಉತ್ತರ

‘ಅಜ್ಜನ ಕಾಲದಿಂದ ಹಕ್ಕಿಗೆ ಕಾಳು ಹಾಕುತ್ತ ಬಂದಿದ್ದೇವೆ, ಆಗ ಇಲ್ಲದ ತೊಂದರೆ ಈಗೇಕೆ?’ ಎಂದು ಹಿರಿಯರು ಕೇಳುವುದು ಸಹಜ. ಆಗ ಮನೆಯಂಗಳದಲ್ಲಿ ಒಂದು ಹಿಡಿ ಕಾಳು ಬೀಳುತ್ತಿತ್ತು. ಗುಬ್ಬಿ, ಬೆಳವ, ಅಳಿಲು ಎಲ್ಲವೂ ಹಂಚಿಕೊಳ್ಳುತ್ತಿದ್ದವು. ಈಗ ಹಬ್ಬ, ಹುಟ್ಟುಹಬ್ಬ, ಪುಣ್ಯತಿಥಿಗೆಂದು ಒಂದೇ ಜಾಗದಲ್ಲಿ ಚೀಲ ಬಿಚ್ಚಲಾಗುತ್ತದೆ. ಭಾವ ಅದೇ ಇದೆ, ಪ್ರಮಾಣ ಬದಲಾಗಿದೆ. ಪ್ರಮಾಣ ಬದಲಾದರೆ ಫಲವೂ ಬದಲಾಗುತ್ತದೆ ಎಂಬುದು ಔಷಧದಲ್ಲೂ ವ್ಯಾಪಾರದಲ್ಲೂ ಎಲ್ಲರೂ ಬಲ್ಲ ಸಂಗತಿ.

ದೋಷವನ್ನೆಲ್ಲ ಕಾಳು ಹಾಕುವವರ ಮೇಲೆ ಹೊರಿಸುವುದೂ ನ್ಯಾಯವಲ್ಲ. ಸಂತೆಯ ಕಸ, ಹೋಟೆಲಿನ ಹಿತ್ತಿಲು, ಮದುವೆ ಮಂಟಪದ ಎಲೆರಾಶಿ, ಮಾರುಕಟ್ಟೆಯಲ್ಲಿ ಚೆಲ್ಲಿದ ಧಾನ್ಯ ಇವೂ ಅನ್ನಛತ್ರಗಳೇ. ಕಡಲೆ, ಹೆಸರು, ಗೋವಿನಜೋಳ ಬಿದ್ದಲ್ಲಿ ಇಲಿ ಬರುತ್ತದೆ, ಇಲಿ ಇದ್ದಲ್ಲಿ ಹಾವು ಬರುತ್ತದೆ. ಗೋದಾಮಿನ ಕಸ ಗುಡಿಸದೆ ಹಾವಿಗೆ ಕೋಲೆತ್ತಿದರೆ ಪಾಪ ಹಾವಿನದಲ್ಲ.

ಮಾಡಬಹುದಾದದ್ದು

ಪಾರಿವಾಳಗಳಿಗೆ ಕಾಳು ಹಾಕುವ ರೂಢಿ ಇರುವ ಕಡೆ ಥಟ್ಟನೆ ನಿಲ್ಲಿಸದೆ, ವಾರದಿಂದ ವಾರಕ್ಕೆ ಪ್ರಮಾಣ ಇಳಿಸುತ್ತ ಬರಬಹುದು. ಆಸ್ಪತ್ರೆ, ಶಾಲೆ, ನೆರೆಮನೆಯ ಕಿಟಕಿಗಳಿಂದ ಜಾಗವನ್ನು ದೂರ ಇಡಬೇಕು. ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸದೆ, ನೀರು ಚಿಮುಕಿಸಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ತೆಗೆಯಬೇಕು.

ಬೇಸಿಗೆಯಲ್ಲಿ ಮಣ್ಣಿನ ಬಟ್ಟಲಲ್ಲಿ ನೀರಿಡುವುದು ಎಲ್ಲ ಹಕ್ಕಿಗಳಿಗೂ ನೆರವು. ಆ ನೀರನ್ನು ದಿನವೂ ಬದಲಿಸಬೇಕು. ಮಂಗಗಳಿಗೆ ಕೈಯಿಂದ ಏನನ್ನೂ ಕೊಡಬಾರದು. ಪ್ರಸಾದ, ಹಣ್ಣಿನ ಸಿಪ್ಪೆಗಳನ್ನು ಮುಚ್ಚಳವಿರುವ ಡಬ್ಬಿಗೆ ಹಾಕುವ ವ್ಯವಸ್ಥೆಯನ್ನು ಮಂದಿರ, ಬಸದಿಗಳ ಸಮಿತಿಗಳೇ ಮಾಡಬಹುದು. ಹಾವು ಕಂಡರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಕಾಳಿಗೆ ತೆಗೆದಿಟ್ಟ ಹಣದಲ್ಲಿ ಒಂದು ಪಾಲು ಆಲ, ಅರಳಿ, ಅತ್ತಿ, ಬೇವಿನ ಸಸಿಗಳಿಗೆ ಹೋಗಲಿ. ಅತ್ತಿಯ ಒಂದು ಮರ ಯಾರ ಮುಂದೆಯೂ ಕೈ ಚಾಚದಂತೆ ಎಷ್ಟೋ ಜೀವಿಗಳನ್ನು ಸಾಕುತ್ತದೆ. ಇನ್ನೊಂದು ಪಾಲು ಗಾಯಗೊಂಡ ಪಕ್ಷಿಗಳ ಚಿಕಿತ್ಸೆಗೆ ಸಲ್ಲಲಿ. ದೆಹಲಿಯ ಲಾಲ್ ಮಂದಿರದ ಆವರಣದಲ್ಲಿರುವ ಜೈನ ಪಕ್ಷಿ ಆಸ್ಪತ್ರೆ ಈ ಸೇವೆಯನ್ನು ಉಚಿತವಾಗಿ ನಡೆಸಿಕೊಂಡು ಬಂದಿದೆ. ರೋಣ, ನರಗುಂದ, ಗಜೇಂದ್ರಗಡದಂಥ ಊರುಗಳಲ್ಲಿ ಅಷ್ಟು ದೊಡ್ಡ ಆಸ್ಪತ್ರೆ ಬೇಕಿಲ್ಲ. ಪಶುವೈದ್ಯರ ನೆರವಿನಿಂದ ಒಂದು ಕೋಣೆ, ನಾಲ್ಕು ಜನ ಯುವಕರು ಸಾಕು.

ಕಾಡುಜೀವಿಗಳು ಊರಿಗೆ ಒಗ್ಗುವುದನ್ನು ತಡೆಯಲು ಆಗದು. ಆದರೆ ಅವು ಯಾವ ಪಾಠ ಕಲಿಯಬೇಕು ಎಂಬುದು ಬಹುಮಟ್ಟಿಗೆ ಊರಿನವರ ಕೈಯಲ್ಲಿದೆ. ಕೊಡುವ ಕ್ಷಣದ ಸಂತೋಷ ಕೊಟ್ಟವರದು; ಅದರ ಮುಂದಿನ ಪರಿಣಾಮ ಆ ಮೂಕಜೀವಿಯದು. ಆ ಪರಿಣಾಮವನ್ನೂ ತೂಗಿ ನೋಡಿದಾಗ ಮಾತ್ರ ಜೀವದಯೆಯ ಲೆಕ್ಕ ಸರಿಹೋಗುತ್ತದೆ.