ಹೊಂಡಕ್ಕ ಗಂಬೂಸಿಯಾ ಬಿಡೋ ಮುಂಚೆ ಹಳ್ಳದ ಮಡು ನೋಡ್ರಿ

ಡೆಂಗಿ ಸುದ್ದಿ ಬಂತಂದ್ರ ಸಾಕು, ಕೃಷಿ ಹೊಂಡಕ್ಕೂ ಗಂಬೂಸಿಯಾ ಮೀನು ತಂದು ಸುರಿಯೋದು ರೂಢಿ ಆಗೇತಿ. ಇದು ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ. ಡೆಂಗಿ ಸೊಳ್ಳೆ ಹೆಚ್ಚಾಗಿ ಹುಟ್ಟೋದು ಮನೆಯ ನೀರಿನ ತೊಟ್ಟಿ, ಬ್ಯಾರಲ್, ಹಳೇ ಟೈರಿನಲ್ಲಿ. ಹೊಲದ ಹೊಂಡದಲ್ಲಿ ಅಲ್ಲ.

ಗಂಬೂಸಿಯಾ ಅಮೆರಿಕಾ ಮೂಲದ್ದು. 1928ರಲ್ಲಿ ಸೊಳ್ಳೆ ಮರಿ ತಿನ್ನಲಿ ಅಂತ ಭಾರತಕ್ಕೆ ತಂದರು. ಅದು ಮೊಟ್ಟೆ ಇಡೋದಿಲ್ಲ, ಸುಮಾರು ನಾಲ್ಕು ವಾರಕ್ಕೊಮ್ಮೆ ನೇರ ಮರಿ ಹಾಕ್ತೈತಿ. ಸೊಳ್ಳೆ ಮರಿ ಜೊತೆ ಬೇರೆ ಮೀನಿನ ಮೊಟ್ಟೆ, ಕಪ್ಪೆ ಮರಿಯನ್ನೂ ತಿಂತೈತಿ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದೂ ಐತಿ. ನಮ್ಮ ರೋಣ, ನರಗುಂದದ ಎರಿ ಹೊಲದಾಗ ಬೆಣ್ಣಿಹಳ್ಳ ಉಕ್ಕಿದ್ರ ಹೊಂಡ, ಹಳ್ಳ ಒಂದಾಗ್ತಾವು. ನೀವು ಹೊಂಡಕ್ಕೆ ಬಿಟ್ಟದ್ದು ಮಲಪ್ರಭೆ ಸೇರ್ತೈತಿ.

ಅದೇ ಕೆಲಸಕ್ಕೆ ನಮ್ಮದೇ ಮೀನು ಅದಾವಲ್ಲ! ಅಪ್ಲೊಖೈಲಸ್ ಅನ್ನೋ ಸಣ್ಣ ಮೀನು, ಬೆರಳಿಗಿಂತ ದೊಡ್ಡದಾಗೋದು ಅಪರೂಪ. ತಲೆ ಮೇಲೆ ಬೆಳ್ಳಿ ಚುಕ್ಕೆ, ಬಾಯಿ ಮೇಲ್ಮುಖ. ನೀರಿನ ಮೇಲ್ಪದರದಾಗೇ ಇರ್ತೈತಿ, ಸೊಳ್ಳೆ ಮರಿಯೂ ಅಲ್ಲೇ. ಆದ್ರ ಇದರ ಸಂಸಾರ ನಿಧಾನ. ದಿನಕ್ಕೆ ಕೆಲವೇ ಮೊಟ್ಟೆ, ಅವನ್ನೂ ನೀರಿನ ಗಿಡಕ್ಕೆ ಅಂಟಿಸಬೇಕು, ಮರಿ ಹೊರಗ ಬರೋಕೆ ಸುಮಾರು ಎರಡು ವಾರ. ಅಷ್ಟರಾಗ ಗಂಬೂಸಿಯಾ ಬಂದ್ರ ಮುಗೀತು. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಾಗ ಗಿಡ ಇಲ್ಲ, ಮೊಟ್ಟೆ ಇಡೋ ಜಾಗವೂ ಇಲ್ಲ. ಎರಿ ಮಣ್ಣಿನ ಹೊಂಡದವರಿಗೆ ಇದು ಸುಲಭ: ಒಂದು ಅಂಚಿನ ಹುಲ್ಲು, ಗಿಡ ಹಂಗೇ ಬಿಡ್ರಿ.

ಈ ಮೀನು ಇನ್ನೂ ಅಪಾಯದ ಪಟ್ಟಿಯಲ್ಲಿಲ್ಲ, ನಿಜ. ಕಾಸರಗೋಡಿನ ಚಂದ್ರಗಿರಿ ಹೊಳೆಯಲ್ಲೂ ಸಿಗೋ ‘ಮಿಸ್ ಕೇರಳ’ ಮೀನನ್ನು ಗಾಜಿನ ತೊಟ್ಟಿ ವ್ಯಾಪಾರಕ್ಕೆ ಹಿಡಿದೂ ಹಿಡಿದೂ ಅದು ಅಳಿವಿನಂಚಿನ ಪಟ್ಟಿ ಸೇರ್ತು. ಪಟ್ಟಿಗೆ ಬರೋತನಕ ನಾವು ಕಾಯಬೇಕಾ?

ಗಂಬೂಸಿಯಾಕ್ಕಿಂತ ದೊಡ್ಡ ಕಾಟ ನಮ್ಮ ಮೋಟರು. ಬೇಸಿಗೆಯಾಗ ಹಳ್ಳ ಬತ್ತಿದ ಮೇಲೆ ಮೀನೆಲ್ಲ ಮಡುವಿನಾಗ ಉಳೀತಾವು, ಮುಂದಿನ ಮಳಿಗೆ ಅಲ್ಲಿಂದಲೇ ಹಳ್ಳ ತುಂಬ್ತಾವು. ಆ ಕಡೇ ಮಡುವಿಗೂ ಪೈಪ್ ಇಳಿಸಿ ಕೆಸರು ಬರೋತನಕ ಎತ್ತಿದ್ರ ಬೀಜದ ಮೀನೂ ಉಳಿಯೋದಿಲ್ಲ. ಗಜೇಂದ್ರಗಡದ ಗುಡ್ಡದ ಹಳ್ಳಗಳು ಬೇಗ ಬತ್ತುವುದರಿಂದ ಅಲ್ಲಿ ಇನ್ನೂ ಕಷ್ಟ. ಮೊಣಕಾಲುದ್ದ ನೀರು ಬಿಡ್ರಿ ಅಂದ್ರ ಯಾರ ಬೆಳೆಯೂ ಸಾಯೋದಿಲ್ಲ.

ಇನ್ನು ಕಡ್ಲಿ ಕಾಯಿಕೊರಕಕ್ಕೆ ಎಣ್ಣಿ ಹೊಡೆದ ಮೇಲೆ ಪಂಪ್ ತೊಳೆಯೋದು ಎಲ್ಲಿ? ಹಳ್ಳದಾಗ. ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್ ಎರಡೂ ಮೀನಿಗೆ ಭಾರೀ ವಿಷ, ಒಂದು ಲೀಟರ್ ನೀರಿಗೆ ಮೈಕ್ರೊಗ್ರಾಂ ಲೆಕ್ಕದಲ್ಲಿದ್ರೂ ಸಾಕು. ತೊಳೆದ ನೀರನ್ನು ಎಣ್ಣಿ ಹೊಡೆದ ಹೊಲಕ್ಕೇ ಸಿಂಪಡಿಸಿಬಿಡ್ರಿ.

ಈಗಾಗಲೇ ಗಂಬೂಸಿಯಾ ಬಿಟ್ಟಿದ್ರ ಗಾಬರಿ ಬೇಡ. ಬೇಸಿಗೆಯಾಗ ಹೊಂಡ ಪೂರ್ತಿ ಒಣಗಿದ್ರ ಅದೂ ಹೋಗ್ತೈತಿ. ಮಳಿಗಾಲಕ್ಕೆ ಮತ್ತೆ ತಂದು ಸುರೀಬೇಡ್ರಿ, ಅಷ್ಟೇ.