ಭ್ರಮೆ ಕಳೆದ ಬಾಲಕ

ಬಾಲಕನ ಆಸೆಯು ಭಗ್ನವಾಗುವ ಕಥೆಗಳನ್ನು ಎಳೆಯರ ಕೈಗೆ ಕೊಡಬಾರದೆಂದು ಕೆಲವರು ವಾದಿಸುವುದುಂಟು. ಈ ವಾದವು ಯುಕ್ತವಾದುದಲ್ಲ. ಐರ್ಲೆಂಡಿನ ಜೇಮ್ಸ್ ಜಾಯ್ಸನ ‘ಡಬ್ಲಿನರ್ಸ್’ (1914) ಸಂಗ್ರಹದಲ್ಲಿರುವ ‘ಆರಬಿ’ ಕಥೆಯನ್ನು ನೋಡಬಹುದು. ಗೆಳೆಯನ ಸೋದರಿಗೆ ಮನಸೋತ ಹುಡುಗನು, ಅವಳಿಗೊಂದು ಕಾಣಿಕೆ ತರುವೆನೆಂದು ಮಾತುಕೊಟ್ಟು, ಅದೇ ಹೆಸರಿನ ಮೇಳಕ್ಕೆ ಹೊರಡುವನು. ಹಣ ಕೊಡಬೇಕಾದ ಯಜಮಾನನು ಮನೆಗೆ ತಡವಾಗಿ ಬರುವನು. ಹುಡುಗನು ಸೇರುವಷ್ಟರಲ್ಲಿ ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುವುವು. ತೆರೆದಿದ್ದ ಅಂಗಡಿಯ ತರುಣಿಗಾದರೋ ಗಿರಾಕಿಗಿಂತ ಯುವಕರೊಡನೆ ಹರಟೆಯೇ ಮುಖ್ಯ. ಬರಿಗೈಯಲ್ಲಿ ನಿಂತ ಹುಡುಗನು ತನ್ನ ಮರುಳನ್ನು ತಾನೇ ಕಂಡು ಸಂಕಟಪಡುವನು.

ಇದರಿಂದ ಕೆಟ್ಟುದೇನು? ಮೇಳಕ್ಕೆ ಬೆಡಗು ತೊಡಿಸಿದ್ದು ತನ್ನ ಕಲ್ಪನೆಯೇ ಎಂಬ ಅರಿವು ಅವನಿಗೆ ದೊರೆಯಿತು. ಜಾಯ್ಸನು ಕಾಣಿಕೆಯನ್ನು ಕೊಡಿಸಿ ಓದುಗರನ್ನು ಸಂತೈಸಿದ್ದರೆ ಈ ಅರಿವು ಇಲ್ಲವಾಗುತ್ತಿದ್ದಿತು. ಲೋಕವನ್ನು ಮರೆಮಾಡುವ ಸಿಹಿಯಾದ ಕಥೆಯು ಎಳೆಯರನ್ನು ಅದೇ ಮೇಳಕ್ಕೆ ಮತ್ತೆಮತ್ತೆ ಕಳುಹಿಸುವುದು.